ಎರ್ಮೋಸಾ, ಫ್ರುಮೋಸ್, ಬೆಲ್ಲಾ: ಇವರೆಲ್ಲ ಒಂದೇ ಮನೆಯವರಾ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಆರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಅದರಲ್ಲಿ ಸುಂದರಿಗೆ 'ಎರ್ಮೋಸಾ' ಅನ್ನುತ್ತಾರೆ. ನಮ್ಮ ಟೀಮಿನಲ್ಲಿ ರೊಮೇನಿಯಾದವರೊಬ್ಬರಿದ್ದಾರೆ, ಅವರ ಭಾಷೆಯಲ್ಲಿ 'ಫ್ರುಮ್ವಾಸ'. ಎರಡೂ ಒಂದೇ ಲ್ಯಾಟಿನ್ ಪದದಿಂದ ಬಂದವು ಅಂತ ಅವರ ವಾದ. ನನಗೆ ಇದು ಸುಮ್ನೆ ಹೊಂದಿಸಿದ ಹಾಗೆ ಕಾಣುತ್ತದೆ. ಎರ್ಮೋಸಾ ಪದ 'ಎರ್ಮಾನಾ' (ಅಕ್ಕ, ತಂಗಿ) ಪದಕ್ಕೆ ಹತ್ತಿರ ಅಲ್ವಾ? ಒಂದೇ ಮೂಲ ಆಗಿದ್ದರೆ ಇಟಲಿಯವರು ಮಾತ್ರ 'ಬೆಲ್ಲಾ' ಅನ್ನುವುದೇಕೆ?

ಉತ್ತರ: ನಿಮ್ಮ ರೊಮೇನಿಯಾದ ಗೆಳೆಯರು ಹೇಳಿದ್ದು ಸರಿ. ಎರಡೂ ಒಂದೇ ಪದ. ಅವರಿಗೆ ಒಂದು ಕಾಫಿ ಕೊಡಿಸಿ.

ಮೊದಲು ಎರ್ಮಾನಾ ವಿಷಯ ಮುಗಿಸಿಬಿಡೋಣ. ಅದು ಲ್ಯಾಟಿನ್ನಿನ 'ಗೆರ್ಮಾನಾ' ಪದದಿಂದ ಬಂದದ್ದು, ಒಡಹುಟ್ಟಿದವಳು ಅಂತ ಅರ್ಥ. ಅಲ್ಲಿ ಬಿದ್ದುಹೋದ ಅಕ್ಷರ 'ಗ'. ಎರ್ಮೋಸಾದಲ್ಲಿ ಬಿದ್ದುಹೋದದ್ದು 'ಫ'. ಬರೆಯುವಾಗ ಎರಡಕ್ಕೂ ಮುಂದೆ 'ಹ'ದ ಅಕ್ಷರ ಹಾಕುತ್ತಾರೆ, ಬಾಯಲ್ಲಿ ಎರಡರಲ್ಲೂ ಅದು ಇಲ್ಲ. ಹಾಗಾಗಿ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಅಷ್ಟೇ.

ಈಗ ನಿಜವಾದ ಮೂಲಕ್ಕೆ ಬರೋಣ. ಲ್ಯಾಟಿನ್ನಿನಲ್ಲಿ 'ಫೊರ್ಮಾ' ಅಂದರೆ ಆಕಾರ, ಅಚ್ಚು, ರೂಪ. ಅದರ ಕೊನೆಗೆ '-ಓಸುಸ್' ಸೇರಿಸಿದರೆ 'ತುಂಬಿರುವ' ಅನ್ನುವ ಅರ್ಥ ಬರುತ್ತದೆ. ಇಂಗ್ಲಿಷಿನ ಫೇಮಸ್, ಗ್ಲೋರಿಯಸ್ ಪದಗಳ ಬಾಲದಲ್ಲಿ ಇರುವುದೂ ಇದೇ. ಹೀಗೆ ಫೊರ್ಮಾ ಸೇರಿ 'ಫೊರ್ಮೋಸುಸ್' ಆಯಿತು. ರೂಪ ತುಂಬಿದವನು. ಹೆಣ್ಣಾದರೆ 'ಫೊರ್ಮೋಸಾ'. ಇದನ್ನು ಕನ್ನಡದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ರೂಪ ಇದ್ದವಳು ರೂಪವತಿ. ಹಾಗೆ ನೋಡಿದರೆ ರೂಪ ಎಲ್ಲರಿಗೂ ಇರುತ್ತದೆ, ಸೌತೆಕಾಯಿಗೂ ಇರುತ್ತದೆ. ಆದರೂ 'ಹುಡುಗಿಗೆ ರೂಪ ಇದೆ' ಅಂದರೆ ಏನರ್ಥ ಅಂತ ನಮಗೆ ಗೊತ್ತು. ರೋಮಿನವರಿಗೂ ಹಾಗೇ, ಬರೀ ಫೊರ್ಮಾ ಅಂದರೂ ಚೆಲುವು ಅನ್ನುವ ಅರ್ಥ ಇತ್ತು.

ತೈವಾನಿಗೆ ಫಾರ್ಮೋಸಾ ಅಂತ ಹೆಸರಿದ್ದದ್ದು ಹಳೇ ಅಟ್ಲಾಸ್ ನೋಡಿದವರಿಗೆ ನೆನಪಿರಬಹುದು. 16ನೇ ಶತಮಾನದ ಪೋರ್ಚುಗೀಸರು ಆ ದ್ವೀಪವನ್ನು 'ಇಲ್ಯಾ ಫೊರ್ಮೋಜಾ' ಅಂದರು, ಚೆಂದದ ದ್ವೀಪ ಅಂತ. ಅದೂ ಇದೇ ಪದ, ಬಹುತೇಕ ಲ್ಯಾಟಿನ್ ರೂಪದಲ್ಲೇ ಉಳಿದಿದೆ.

ಹಾಗಾದರೆ ಸ್ಪೇನಿನಲ್ಲಿ 'ಫ' ಎಲ್ಲಿ ಹೋಯಿತು? ನನಗೆ ತುಂಬ ಇಷ್ಟದ ಭಾಗ ಇದು, ಯಾಕೆಂದರೆ ಇದನ್ನು ಕನ್ನಡದವರಷ್ಟು ಬೇಗ ಬೇರೆಯವರು ಹಿಡಿಯಲಾರರು. ಪಂಪನ ಕಾಲದಲ್ಲಿ, ಅಂದರೆ 10ನೇ ಶತಮಾನದಲ್ಲಿ, ಹಾಲಿಗೆ 'ಪಾಲ್' ಅನ್ನುತ್ತಿದ್ದರು. ಹಾವು 'ಪಾವು', ಹುಲಿ 'ಪುಲಿ', ಹತ್ತು 'ಪತ್ತು'. ತಮಿಳಿನಲ್ಲಿ ಇವತ್ತಿಗೂ ಪಾಲ್, ಪುಲಿ, ಪತ್ತು. ನಮ್ಮಲ್ಲಿ ಪದದ ಮೊದಲಿನ 'ಪ' ನಿಧಾನವಾಗಿ 'ಹ' ಆಯಿತು. ಅದೂ ಸಾಲದು ಅಂತ ಹಳೇ ಮೈಸೂರಿನ ಹಳ್ಳಿಗಳ ಕಡೆ ಆ 'ಹ' ಕೂಡ ಬಿದ್ದು 'ಆಲು', 'ಉಲಿ', 'ಅತ್ತು' ಅನ್ನುತ್ತಾರೆ. ತುಟಿಯಲ್ಲಿ ಹುಟ್ಟುತ್ತಿದ್ದ ಸದ್ದು ಗಂಟಲಿಗೆ ಇಳಿದು, ಅಲ್ಲೂ ನಿಲ್ಲದೆ ಮಾಯ.

ಸ್ಪೇನಿನಲ್ಲಿ ಆದದ್ದೂ ಹೆಚ್ಚುಕಮ್ಮಿ ಇದೇ, 'ಪ' ಬದಲು 'ಫ'. ಲ್ಯಾಟಿನ್ನಿನ ಫರೀನಾ (ಹಿಟ್ಟು) ಅಲ್ಲಿ 'ಅರೀನಾ' ಆಯಿತು. ಫೊರ್ಮೀಕಾ (ಇರುವೆ) 'ಒರ್ಮೀಗಾ' ಆಯಿತು. ಫುರ್ನುಸ್ (ಒಲೆ, ಭಟ್ಟಿ) 'ಓರ್ನೊ'. ಫಿಲಿಯುಸ್ (ಮಗ) 'ಈಹೋ'. ಇವೆಲ್ಲಕ್ಕೂ ಬರವಣಿಗೆಯಲ್ಲಿ ಮೊದಲು 'ಹ'ದ ಅಕ್ಷರ ಇದೆ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ಒಂದು ಕಾಲದಲ್ಲಿ ನಿಜವಾಗಿ ಉಚ್ಚರಿಸುತ್ತಿದ್ದರು. 1492ರಲ್ಲಿ ನೆಬ್ರಿಹಾ ಎಂಬ ಪಂಡಿತ ಸ್ಪ್ಯಾನಿಷಿಗೆ ವ್ಯಾಕರಣ ಬರೆದಾಗ ಈ 'ಹ' ಬಾಯಲ್ಲಿ ಇನ್ನೂ ಕೇಳುತ್ತಿತ್ತು. ಆಮೇಲೆ 16ನೇ ಶತಮಾನದಲ್ಲಿ ಕ್ಯಾಸ್ಟೀಲ್ ಕಡೆಯವರು ಅದನ್ನೂ ಬಿಟ್ಟರು, ಮಂಡ್ಯದ ಕಡೆಯವರ ಹಾಗೆ.

ಎಲ್ಲ ಫಕಾರವೂ ಹೋಗಲಿಲ್ಲ. ಫ್ಲೋರ್ (ಹೂವು), ಫ್ವೇಗೊ (ಬೆಂಕಿ), ಫ್ರೇನ್ತೆ (ಹಣೆ) ಇವುಗಳಲ್ಲಿ ಗಟ್ಟಿಯಾಗಿ ಕೂತಿದೆ. ಆಮೇಲೆ ಓದಿದವರು ಪುಸ್ತಕದಿಂದ ನೇರವಾಗಿ ತಂದ ಪದಗಳಲ್ಲೂ ಉಳಿಯಿತು. ಹಾಗಾಗಿ ಸ್ಪ್ಯಾನಿಷಿನಲ್ಲಿ ಒಂದು ತಮಾಷೆ ಇದೆ. 'ಫೋರ್ಮಾ' ಅಂದರೆ ರೂಪ, ಇದು ಪುಸ್ತಕದ ಪದ. 'ಓರ್ಮಾ' ಅಂದರೆ ಶೂ ಹೊಲಿಯುವವರು ಒಳಗಿಟ್ಟುಕೊಳ್ಳುವ ಪಾದದ ಅಚ್ಚು, ಇದು ಅಂಗಡಿ ಬೀದಿಯ ಪದ. ಎರಡೂ ಲ್ಯಾಟಿನ್ನಿನ ಫೊರ್ಮಾ ಒಂದರಿಂದಲೇ ಬಂದವು. ನಮ್ಮಲ್ಲಿ 'ಪರ್ವ' ಮತ್ತು 'ಹಬ್ಬ' ಇಲ್ವಾ? ಪರ್ವ ಪಬ್ಬವಾಗಿ, ಪಬ್ಬ ಹಬ್ಬವಾಗಿ, ಕೊನೆಗೆ ಮೂಲದ ಪರ್ವವೂ ಪುಸ್ತಕದಲ್ಲಿ ಹಾಗೇ ಉಳಿಯಿತು. ಅದೇ ಲೆಕ್ಕ.

ಎರ್ಮೋಸಾದಲ್ಲಿ ಇನ್ನೊಂದು ಸಣ್ಣ ಬದಲಾವಣೆ ಇದೆ. ಫೊರ್ಮೋಸಾದಲ್ಲಿ ಒಂದರ ಹಿಂದೆ ಒಂದು ಎರಡು 'ಒ'ಕಾರ. ನಾಲಿಗೆಗೆ ಒಂದೇ ಸ್ವರವನ್ನು ಪಕ್ಕಪಕ್ಕದಲ್ಲಿ ಎರಡು ಸಲ ಹೇಳಲು ಬೇಜಾರು. ಮೊದಲನೆಯದನ್ನು 'ಎ' ಮಾಡಿತು. ದುಂಡಗಿನ ವಸ್ತುವಿಗೆ ಲ್ಯಾಟಿನ್ನಿನಲ್ಲಿದ್ದ 'ರೊತುಂದುಸ್' ಸ್ಪ್ಯಾನಿಷಿನಲ್ಲಿ 'ರೆದೊಂದೊ' ಆದದ್ದು ಕೂಡ ಇದೇ ಥರ. ಹೀಗೆ ಫೊರ್ಮೋಸಾ, ಫೆರ್ಮೋಸಾ, ಹೆರ್ಮೋಸಾ, ಕೊನೆಗೆ ಎರ್ಮೋಸಾ. ನಡುವಿನ ಫೆರ್ಮೋಸಾ ನಾನು ಕಟ್ಟಿದ ಕಥೆ ಅಲ್ಲ, ಹಳೇ ಸ್ಪ್ಯಾನಿಷ್ ಕಾವ್ಯಗಳಲ್ಲಿ ಧಾರಾಳವಾಗಿ ಸಿಗುತ್ತದೆ. 1605ರಲ್ಲಿ ಸೆರ್ವಾಂಟೆಸ್ ತನ್ನ ಡಾನ್ ಕ್ವಿಕ್ಸೋಟನ ಬಾಯಲ್ಲಿ ಬೇಕೆಂದೇ ಈ ಹಳೇ ಫಕಾರ ಆಡಿಸುತ್ತಾನೆ. ಆ ಹೊತ್ತಿಗೆ ಅದು ನಗು ಬರುವಷ್ಟು ಹಳತಾಗಿತ್ತು. ಇವತ್ತು ಯಾರಾದರೂ ಹೋಟೆಲಿಗೆ ಹೋಗಿ 'ಒಂದು ಲೋಟ ಪಾಲ್ ಕೊಡಿರಯ್ಯಾ' ಅಂದ ಹಾಗೆ.

ರೊಮೇನಿಯಾದ ಕಥೆ ಇನ್ನೂ ಸುಲಭ. ಅಲ್ಲಿ 'ಫ' ಹೋಗಲೇ ಇಲ್ಲ. ಹಿಟ್ಟು 'ಫಯ್ನ', ಇರುವೆ 'ಫುರ್ನಿಕ'. ಆದದ್ದೇನೆಂದರೆ ಒತ್ತು ಬೀಳದ 'ಒ' ಅಲ್ಲಿ 'ಉ' ಆಯಿತು, ಜೊತೆಗೆ 'ರ' ಜಾಗ ಬದಲಿಸಿತು. ಫುರ್‌ ಅನ್ನುವುದು ಫ್ರು ಆಯಿತು. ಫ್ರುಮೋಸ್ ಅಂದರೆ ಚೆಲುವ, ಫ್ರುಮ್ವಾಸ ಚೆಲುವೆ. ಅಕ್ಷರಗಳು ಹೀಗೆ ಜಾಗ ಬದಲಿಸುವುದು ನಮಗೂ ಹೊಸದಲ್ಲ. ಹಳಗನ್ನಡದ 'ಅಸಗ' ಇವತ್ತಿನ 'ಅಗಸ'. ಫ್ರೆಂಚರ ಚೀಸಿಗೆ 'ಫ್ರೊಮಾಜ್' ಅನ್ನುತ್ತಾರಲ್ಲ, ಅದೂ ಹೀಗೇ. ಮೊದಲು 'ಫೊರ್ಮಾಜ್' ಇತ್ತು, ಅಚ್ಚಿನಲ್ಲಿ ಹಾಕಿ ಮಾಡಿದ್ದು ಅಂತ. ಇಟಲಿಯವರು ಈಗಲೂ 'ಫೊರ್ಮಾಜೊ' ಅನ್ನುತ್ತಾರೆ. ಅಂದರೆ ಫ್ರೆಂಚರ ಚೀಸೂ ರೊಮೇನಿಯಾದ ಸುಂದರಿಯೂ ಒಂದೇ ಬೇರಿನಿಂದ ಬಂದವರು, ಇಬ್ಬರಲ್ಲೂ ಅದೇ 'ರ' ಅದೇ ಥರ ಜಿಗಿದಿದೆ. ಇದನ್ನು ನಿಮ್ಮ ಗೆಳೆಯರಿಗೆ ಹೇಳಿ, ಆದರೆ ಅವರ ಹೆಂಡತಿ ಮುಂದೆ ಬೇಡ.

ಈಗ ಇಟಲಿಯ ಬೆಲ್ಲಾ. ನಮ್ಮ ಬೆಲ್ಲಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದಲ್ಲ ಒಂದು ದಿನ ಅದು ನಿಮ್ಮ ವಾಟ್ಸಾಪಿಗೆ ಬಂದೇ ಬರುತ್ತದೆ. ಬೆಲ್ಲಾ ಬಂದದ್ದು ಲ್ಯಾಟಿನ್ನಿನ 'ಬೆಲ್ಲುಸ್' ಪದದಿಂದ. ಬೆಲ್ಲುಸ್ ಬಂದದ್ದು 'ಬೊನುಸ್', ಅಂದರೆ ಒಳ್ಳೆಯ, ಅನ್ನುವ ಪದದ ಮುದ್ದು ರೂಪವಾಗಿ. ಹೇಗೆ ಅಂತ ನೋಡಲು ಸ್ವಲ್ಪ ಹಿಂದೆ ಹೋಗಬೇಕು. ಬೊನುಸ್ ಮೊದಲು 'ದ್ವೆನೋಸ್' ಆಗಿತ್ತು. ಇದಕ್ಕೆ ಸಾಕ್ಷಿ ಮಣ್ಣಿನಲ್ಲೇ ಸಿಕ್ಕಿದೆ. 1880ರಲ್ಲಿ ರೋಮಿನ ಕ್ವಿರಿನಾಲ್ ಗುಡ್ಡದ ಹತ್ತಿರ ಒಂದಕ್ಕೊಂದು ಅಂಟಿಸಿದ ಮೂರು ಪುಟ್ಟ ಕುಡಿಕೆಗಳು ಸಿಕ್ಕವು. ಕ್ರಿ.ಪೂ. 6ನೇ ಶತಮಾನದವು ಅನ್ನುತ್ತಾರೆ, ಈಗ ಬರ್ಲಿನ್ನಿನಲ್ಲಿವೆ. ಅದರ ಸುತ್ತ ಗೀಚಿದ ಸಾಲಿನಲ್ಲಿ 'ದ್ವೆನೋಸ್ ನನ್ನನ್ನು ಮಾಡಿದ' ಅಂತಿದೆ. ಒಳ್ಳೆಯವನೊಬ್ಬ ಮಾಡಿದ ಅಂತಲೂ ಓದಬಹುದು, ಕುಂಬಾರನ ಹೆಸರೇ ಅದು ಅಂತಲೂ ಓದಬಹುದು. ಉಳಿದ ಸಾಲುಗಳ ಅರ್ಥಕ್ಕೆ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ.

ಮುಂದೆ ಪದದ ಮೊದಲಿನ 'ದ್ವ' ಲ್ಯಾಟಿನ್ನಿನಲ್ಲಿ 'ಬ' ಆಯಿತು. 'ದ್ವಿಸ್' (ಎರಡು ಸಲ) 'ಬಿಸ್' ಆಯಿತು. 'ದುಯೆಲ್ಲುಮ್' (ಯುದ್ಧ) 'ಬೆಲ್ಲುಮ್' ಆಯಿತು. ದ್ವೆನೋಸ್ ಬೊನುಸ್ ಆಯಿತು. ದ್ವೆನೋಸ್ ಪದಕ್ಕೆ ಮುದ್ದಿನ ಬಾಲ ಸೇರಿಸಿ ಕರೆದದ್ದು ಸವೆದು ಸವೆದು ಬೆಲ್ಲುಸ್ ಆಯಿತು. ಯುದ್ಧದ ಬೆಲ್ಲುಮ್ಮಿಗೂ ಚೆಲುವಿನ ಬೆಲ್ಲುಸ್ಸಿಗೂ ರಕ್ತ ಸಂಬಂಧ ಏನೂ ಇಲ್ಲ, ಒಂದೇ ದಾರಿಯಲ್ಲಿ ಬಂದದ್ದಕ್ಕೆ ಒಂದೇ ಥರ ಕಾಣುತ್ತವೆ.

ಒಳ್ಳೆಯದು ಅನ್ನುವ ಪದ ಚೆಲುವಿಗೆ ಹೇಗೆ ಬಂತು ಅಂತ ಕೇಳಬೇಡಿ. 'ಚೆನ್ನಾಗಿದೆ' ಅಂತ ನೀವು ಸಾಂಬಾರಿಗೂ ಹೇಳುತ್ತೀರಿ, ಸೀರೆಗೂ ಹೇಳುತ್ತೀರಿ. ಅದೇ ಚೆನ್ನ ಬೇಲೂರಿನಲ್ಲಿ ಚೆನ್ನಕೇಶವ, ಚೆಲುವ ಕೇಶವ. ಸ್ಪ್ಯಾನಿಷಿನವರು ಇನ್ನೊಂದು ಸುತ್ತು ಹಾಕಿದರು. ಬೊನುಸ್ ಅವರಲ್ಲಿ 'ಬ್ವೇನೊ' ಆಯಿತು, ಅದರ ಮುದ್ದು ರೂಪ 'ಬೊನೀತೊ', ಅರ್ಥ ಮತ್ತೆ ಚೆಂದ! ಹಳೇ ರೋಮಿನವರು ಮಾಡಿದ್ದನ್ನೇ ಸಾವಿರ ವರ್ಷಗಳ ಮೇಲೆ ಮತ್ತೆ ಮಾಡಿದರು, ಹಿಂದೆ ಒಮ್ಮೆ ಹೀಗಾಗಿತ್ತು ಅನ್ನುವುದು ಗೊತ್ತಿಲ್ಲದೆ.

ಬೆಲ್ಲುಸ್ ಮೊದಮೊದಲು ಅಷ್ಟು ತೂಕದ ಪದ ಆಗಿರಲಿಲ್ಲ. ಹೆಂಗಸರಿಗೆ, ಮಕ್ಕಳಿಗೆ 'ಮುದ್ದಾಗಿದೆ' ಅನ್ನುವ ಹಾಗೆ ಹೇಳುತ್ತಿದ್ದರು. ಗಂಡಸಿಗೆ ಹೇಳಿದರೆ ಅದರಲ್ಲಿ ಒಂದು ಚುಚ್ಚು ಇರುತ್ತಿತ್ತು. ಮಾರ್ಶಿಯಲ್ ಎಂಬ ಕವಿ ಒಂದು ಕಡೆ ಒಬ್ಬ 'ಬೆಲ್ಲುಸ್' ಗಂಡಸನ್ನು ಸರಿಯಾಗಿ ಆಡಿಕೊಳ್ಳುತ್ತಾನೆ. ಗುಂಗುರು ಕೂದಲನ್ನು ಸಾಲಾಗಿ ತೀಡಿಕೊಂಡು, ಯಾವಾಗಲೂ ದಾಲ್ಚಿನ್ನಿ ಪರಿಮಳ ಬೀರಿಕೊಂಡು, ದಿನವಿಡೀ ಹೆಂಗಸರ ನಡುವೆ ಕೂತಿರುವವನು ಅಂತ. ಗಂಭೀರವಾದ ಚೆಲುವಿಗೆ ಇದ್ದ ಪದವೇ ಬೇರೆ, 'ಪುಲ್ಕೆರ್'. ಶಾಲೆಯ ಲ್ಯಾಟಿನ್ನಿನಲ್ಲಿ ಸುಂದರ ಅಂದರೆ ಮೊದಲು ಕಲಿಸುವುದು ಇದನ್ನೇ. ವರ್ಜಿಲ್ ಕುರುಬರ ಪ್ರೇಮದ ಹಾಡುಗಳಲ್ಲಿ ಫೊರ್ಮೋಸುಸ್ ಪದವನ್ನು ಮತ್ತೆ ಮತ್ತೆ ಬಳಸುತ್ತಾನೆ, ಆದರೆ ಈನಿಯಡ್ ಮಹಾಕಾವ್ಯದೊಳಗೆ ಅದನ್ನು ಬಿಟ್ಟುಕೊಳ್ಳುವುದಿಲ್ಲ. ಅಲ್ಲಿ ಪುಲ್ಕೆರ್ ರಾಜ್ಯಭಾರ.

ಪುಲ್ಕೆರ್ ಪದವನ್ನು ಲ್ಯಾಟಿನ್ನಿನಲ್ಲಿ ಬರೆಯುವಾಗ (pulcher) 'ಕ' ಜೊತೆ ಒಂದು 'ಹ' ಇದೆ, ಅದೂ ನೋಡಬೇಕಾದ್ದೇ. ಹಳೇ ಕಾಲದಲ್ಲಿ ಅದು ಇರಲಿಲ್ಲ. ಗ್ರೀಕ್ ಪದಗಳಲ್ಲಿ ಮಹಾಪ್ರಾಣ ಇರುತ್ತದೆ, ಅದು ದೊಡ್ಡವರ ಭಾಷೆ, ಹಾಗಾಗಿ ನಮ್ಮ ಪದಕ್ಕೂ ಒಂದಿಷ್ಟು ಉಸಿರು ಹಾಕೋಣ ಅಂತ ಜನ ಶುರುಮಾಡಿದರು. ಕ್ರಿ.ಪೂ. 46ರಲ್ಲಿ ರೋಮಿನ ವಾಗ್ಮಿ ಸಿಸೆರೋ ಇದನ್ನು ಬರೆದಿದ್ದಾನೆ. ಹಿಂದಿನವರು ಹಾಗೆ ಅನ್ನುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು, ಕೊನೆಗೆ ಜನರ ಬಾಯಿಗೇ ಬಿಟ್ಟುಕೊಟ್ಟೆ ಅಂತ. ಕ್ಯಾಟುಲ್ಲುಸ್ ಎಂಬ ಕವಿಯಂತೂ ಇಲ್ಲದ ಕಡೆಯೆಲ್ಲ 'ಹ' ಸೇರಿಸುವ ಒಬ್ಬನ ಮೇಲೆ ಇಡೀ ಪದ್ಯವನ್ನೇ ಬರೆದ. ನಮ್ಮಲ್ಲಿ 'ಆದರದ ಸ್ವಾಗತ' ಅನ್ನಲು ಹೋಗಿ 'ಹಾದರದ ಸ್ವಾಗತ' ಅಂದುಬಿಟ್ಟವರ ಜೋಕು ಇದೆಯಲ್ಲ, ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲೂ ಜನ ಇದಕ್ಕೇ ನಗುತ್ತಿದ್ದರು.

ಫೊರ್ಮೋಸುಸ್ ಕೂಡ ಇಂಥ ಅತಿಬುದ್ಧಿಗೆ ಸಿಕ್ಕಿದೆ. ಮಾತಿನಲ್ಲಿ 'ಸ' ಮುಂಚೆ ಬರುವ 'ನ' ಆಗಲೇ ಬಿದ್ದುಹೋಗಿತ್ತು, 'ಮೆನ್ಸಾ' (ಮೇಜು) ಜನರ ಬಾಯಲ್ಲಿ 'ಮೇಸಾ' ಆಗಿತ್ತು. ಓದಿದವರ ಹಾಗೆ ಕಾಣಬೇಕು ಅಂತ ಕೆಲವರು ಬೇಡದ ಕಡೆಯೂ 'ನ' ತುರುಕಿದರು. ತಪ್ಪು ಉಚ್ಚಾರಗಳನ್ನು ತಿದ್ದುವ ಒಂದು ಹಳೇ ಲ್ಯಾಟಿನ್ ಪಟ್ಟಿ ಉಳಿದುಬಂದಿದೆ, ಅಪೆಂಡಿಕ್ಸ್ ಪ್ರೋಬಿ ಅಂತ. ಯಾರೋ ಮೇಷ್ಟ್ರು ಬೇಸತ್ತು ಬರೆದ ಹಾಗಿದೆ. ಅದರಲ್ಲಿ ಒಂದು ಸಾಲು: ಫೊರ್ಮೋಸುಸ್ ಅನ್ನಿ, ಫೊರ್ಮುನ್ಸುಸ್ ಅನ್ನಬೇಡಿ. ಈ ಪಟ್ಟಿಗೆ ನಾವು ಋಣಿ, ಯಾಕೆಂದರೆ ಜನ ಏನೆನ್ನುತ್ತಿದ್ದರು ಅಂತ ನಮಗೆ ಗೊತ್ತಾಗುವುದು ಮೇಷ್ಟ್ರು ಬೈದದ್ದರಿಂದಲೇ.

ಇಷ್ಟೆಲ್ಲ ಗತ್ತಿದ್ದ ಪುಲ್ಕೆರ್ ಏನಾಯಿತು? ಸತ್ತುಹೋಯಿತು. ಮನೆಮಾತಿನ ದಾರಿಯಲ್ಲಿ ಅದರ ಒಂದು ಮಗುವೂ ಉಳಿಯಲಿಲ್ಲ. ಸ್ಪ್ಯಾನಿಷಿನಲ್ಲಿ 'ಪುಲ್‌ಕ್ರೊ' ಇದೆ, ಆದರೆ ಅದನ್ನು ಪುಸ್ತಕದಿಂದ ಎತ್ತಿ ತಂದದ್ದು, ಅರ್ಥವೂ 'ನೀಟಾಗಿರುವವನು' ಅಂತ ಆಗಿದೆ. ನನಗನ್ನಿಸುವ ಕಾರಣ ಇದು: ದಿನದ ಮಾತಿನಲ್ಲಿ ಜನರಿಗೆ ಬೇಕಾಗಿದ್ದು ಮೈಕೈ ತುಂಬಿದ ಪದ ಅಥವಾ ಮುದ್ದಿನ ಪದ. ಕಿವಿಗೆ ಲ್ಯಾಟಿನ್ನಿನಲ್ಲಿ 'ಔರಿಸ್' ಅಂತ ಇತ್ತು, ಜನ 'ಔರಿಕುಲಾ', ಪುಟ್ಟ ಕಿವಿ, ಅಂದರು, ಇವತ್ತಿನ ಸ್ಪ್ಯಾನಿಷಿನ 'ಒರೇಹಾ' ಅದರಿಂದಲೇ. ಫ್ರಾನ್ಸಿನವರಂತೂ ಸೂರ್ಯನನ್ನೂ ಬಿಡಲಿಲ್ಲ, ಅವರ 'ಸೊಲೇಯ್' ಪದದ ಮೂಲ ಅರ್ಥ 'ಪುಟ್ಟ ಸೂರ್ಯ'. ಇಂಥ ಬಾಯಿಗಳಿಗೆ ಪುಲ್ಕೆರ್ ಏನು ರುಚಿಸೀತು? ಉಳಿದದ್ದು ಎರಡು: ರೂಪ ತುಂಬಿದ ಫೊರ್ಮೋಸುಸ್, ಮುದ್ದಿನ ಬೆಲ್ಲುಸ್.

ಯಾರು ಯಾವುದನ್ನು ಇಟ್ಟುಕೊಂಡರು ಅನ್ನುವುದರಲ್ಲೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದೆ. ಭೂಪಟ ತೆಗೆದು ನೋಡಿ. ಒಂದು ತುದಿಯಲ್ಲಿ ಸ್ಪೇನ್, ಪೋರ್ಚುಗಲ್. ಇನ್ನೊಂದು ತುದಿಯಲ್ಲಿ ರೊಮೇನಿಯಾ. ನಡುವೆ ಫ್ರಾನ್ಸ್, ಇಟಲಿ. ತುದಿಗಳಲ್ಲಿ ಫೊರ್ಮೋಸುಸ್, ನಡುವೆ ಬೆಲ್ಲುಸ್. ಇದು ಈ ಒಂದು ಪದಕ್ಕೆ ಮಾತ್ರ ಆದದ್ದಲ್ಲ. ಮೇಜಿಗೆ ಸ್ಪೇನಿನಲ್ಲಿ 'ಮೇಸಾ', ರೊಮೇನಿಯಾದಲ್ಲಿ 'ಮಾಸ', ಇಟಲಿಯಲ್ಲಿ ಮಾತ್ರ 'ತಾವೊಲಾ', ಫ್ರಾನ್ಸಿನಲ್ಲಿ 'ತಾಬ್ಲ್'. ಹೆಗಲಿಗೆ 'ಓಂಬ್ರೊ' ಮತ್ತು 'ಉಮರ್', ನಡುವೆ 'ಸ್ಪಾಲ್ಲಾ' ಮತ್ತು 'ಎಪೋಲ್'. 'ಹೆಚ್ಚು' ಅನ್ನಲು 'ಮಾಸ್' ಮತ್ತು 'ಮಾಯ್', ನಡುವೆ 'ಪ್ಯು' ಮತ್ತು 'ಪ್ಲ್ಯು'. ಮತ್ತೆಯೊ ಬಾರ್ತೊಲಿ ಎಂಬ ಇಟಲಿಯ ಭಾಷಾವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಇದನ್ನೆಲ್ಲ ಒಟ್ಟುಹಾಕಿ, ಹೊಸ ಮಾತು ನಡುವಿನಿಂದ ಹರಡುತ್ತದೆ, ತುದಿಗಳಿಗೆ ತಲುಪುವ ಹೊತ್ತಿಗೆ ಸುಸ್ತಾಗುತ್ತದೆ, ಅಲ್ಲಿ ಹಳೆಯದು ಉಳಿಯುತ್ತದೆ ಅಂದ. ಕೆರೆಗೆ ಕಲ್ಲು ಹಾಕಿದಾಗ ಅಲೆ ದಡ ಮುಟ್ಟದೆ ಹೋಗುವ ಹಾಗೆ. ಬಾರ್ತೊಲಿಯ ಮಾತು ಎಲ್ಲ ಪದಕ್ಕೂ ಒಪ್ಪುವುದಿಲ್ಲ, ಅವನ ಮೇಲೆ ಟೀಕೆಗಳೂ ಬಂದಿವೆ. ಆದರೆ ಈ ಪದಕ್ಕೆ ಮಾತ್ರ ಚೆನ್ನಾಗಿ ಕೂರುತ್ತದೆ.

ರೊಮೇನಿಯಾದ ವಿಷಯದಲ್ಲಿ ಇತಿಹಾಸವೂ ಜೊತೆಗೂಡುತ್ತದೆ. ರೋಮಿನ ಟ್ರಾಜನ್ ಚಕ್ರವರ್ತಿ ಡೇಸಿಯಾವನ್ನು, ಅಂದರೆ ಇವತ್ತಿನ ರೊಮೇನಿಯಾದ ಕಡೆಯ ನಾಡನ್ನು, ಗೆದ್ದದ್ದು ಕ್ರಿ.ಶ. 106ರಲ್ಲಿ. 270ರ ದಶಕದಲ್ಲಿ, ಔರೇಲಿಯನ್ ಕಾಲಕ್ಕೆ, ರೋಮಿನ ಸೈನ್ಯ ಅಲ್ಲಿಂದ ಹೊರಟಾಗಿತ್ತು. ಬರೀ ನೂರ ಅರವತ್ತು ಚಿಲ್ಲರೆ ವರ್ಷ. ಆಮೇಲೆ ಪೂರ್ವದ ಆ ಲ್ಯಾಟಿನ್ ಒಂಟಿಯಾಗಿ ಸ್ಲಾವ್ ಭಾಷೆಗಳ ನಡುವೆ ಬೆಳೆಯಿತು. ರೋಮಿನಲ್ಲಿ ಬೆಲ್ಲುಸ್ ಮೆರೆಯುತ್ತಿದ್ದಾಗ ಅದರ ಸುದ್ದಿ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ.

ಫ್ರಾನ್ಸಿನ ಬೆಲ್ಲುಸ್ ಮೊದಲು 'ಬೆಲ್' ಆಗಿ, ಆಮೇಲೆ 'ಲ' ಕರಗಿ 'ಬೋ' ಆಯಿತು. ಅದರ ಹೆಣ್ಣು ರೂಪ 'ಬೆಲ್'. ಚೆಲುವಿಗೆ 'ಬೋತೆ'. ಅದು ಇಂಗ್ಲಿಷಿಗೆ ಹೋಗಿ 'ಬ್ಯೂಟಿ' ಆಯಿತು, ಅಲ್ಲಿಂದ ನಮ್ಮ ಬೀದಿ ಬೀದಿಯ ಬ್ಯೂಟಿ ಪಾರ್ಲರಿನ ಬೋರ್ಡಿಗೆ ಬಂತು. ಫ್ರೆಂಚರು ಅತ್ತೆಗೆ 'ಬೆಲ್ ಮೇರ್' ಅನ್ನುತ್ತಾರೆ, ಅಕ್ಷರಶಃ ಚೆಲುವೆ ತಾಯಿ. ಮರ್ಯಾದೆಗೆ ಹೇಳಿದ್ದೋ ಭಯಕ್ಕೆ ಹೇಳಿದ್ದೋ, ಮದುವೆ ಆದವರು ಯೋಚಿಸಲಿ.

ಒಂದು ವಿಷಯ ಬಿಟ್ಟುಹೋಗುತ್ತಿತ್ತು. ಫೊರ್ಮೋಸುಸ್ ಅನ್ನುವ ಹೆಸರಿನ ಒಬ್ಬ ಪೋಪ್ ಕೂಡ ಇದ್ದ, 891ರಿಂದ 896ರವರೆಗೆ. ಸತ್ತ ಮೇಲೆ, 897ರಲ್ಲಿ, ಅವನ ಹೆಣವನ್ನು ಗೋರಿಯಿಂದ ತೆಗೆದು, ಪೋಪನ ಬಟ್ಟೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ವಿಚಾರಣೆ ಮಾಡಿದರು. ಇಂಥ ಚೆಲುವನ ಹೆಸರನ್ನು ಆಮೇಲೆ ಯಾವ ಪೋಪನೂ ಇಟ್ಟುಕೊಳ್ಳಲಿಲ್ಲ.

ನೀವು ಸ್ಪ್ಯಾನಿಷ್ ಮಾತಾಡಲು ಹೊರಟಿರುವುದರಿಂದ ಇದಿಷ್ಟು ಗೊತ್ತಿರಲಿ. ಎರ್ಮೋಸಾ ಸ್ವಲ್ಪ ತೂಕದ ಪದ. ಸ್ಪೇನಿನಲ್ಲಿ ಮನುಷ್ಯರಿಗೆ ಜಾಸ್ತಿ ಕೇಳುವುದು 'ಗ್ವಾಪಾ', 'ಗ್ವಾಪೊ'. ಅದರ ಹುಟ್ಟು ಹೇಳಿದರೆ ನಗುತ್ತೀರಿ, ಲ್ಯಾಟಿನ್ನಿನ 'ವಪ್ಪಾ', ಅಂದರೆ ಕೆಟ್ಟುಹೋದ ವೈನ್, ಆಮೇಲೆ ಕೆಲಸಕ್ಕೆ ಬಾರದ ಪೋಕರಿ. ಪೋಕರಿ ಧೈರ್ಯವಂತನಾದ, ಧೈರ್ಯವಂತ ಸ್ಟೈಲ್ ಮಾಡುವವನಾದ, ಕೊನೆಗೆ ಚೆಲುವನಾದ. ಲ್ಯಾಟಿನ್ ಅಮೆರಿಕದವರ ಬಾಯಲ್ಲಿ 'ಲಿಂದೊ' ಜಾಸ್ತಿ. ಅದರ ಮೂಲ 'ಲೆಗಿತಿಮುಸ್', ಕಾಯಿದೆ ಪ್ರಕಾರ ಇರುವುದು, ಅಪ್ಪಟವಾದದ್ದು. ಅಪ್ಪಟ ಅನ್ನುವುದು ಒಳ್ಳೆಯದಾಯಿತು, ಒಳ್ಳೆಯದು ಮತ್ತೆ ಚೆಂದವಾಯಿತು.

ರೊಮೇನಿಯನ್ನಿನಲ್ಲಿ ನಿಮಗೆ ಇಷ್ಟು ತಲೆನೋವಿಲ್ಲ, ಹುಡುಗಿಗೂ ಫ್ರುಮ್ವಾಸ, ಮನೆಗೂ ಫ್ರುಮ್ವಾಸ. ಕಾಫಿ ಕೊಡಿಸುವಾಗ ನಿಮ್ಮ ಗೆಳೆಯರನ್ನು 'ಫತ್ ಫ್ರುಮೋಸ್' ಬಗ್ಗೆ ಕೇಳಿ. ಅವರ ಅಜ್ಜಿ ಕಥೆಗಳ ರಾಜಕುಮಾರ ಅವನು, ಹೆಸರೇ 'ಚೆಲುವ ಹುಡುಗ'. ಒಂದಾದರೂ ಕಥೆ ಅವರಿಗೆ ಬಂದೇ ಬರುತ್ತದೆ.